ಕುದ್ಮುಲ್ ರಂಗರಾಯರ ಜೀವಚರಿತ್ರೆ

1897ನೆಯ ಇಸವಿಯಲ್ಲಿ ಮಕ್ಕಳ ವಿಷಯವಾಗಿ ಎರಡು ಕಾರ್ಯಗಳು ನಡೆದವು. ಒಂದನ್ನು ಹಿಂದೂಸ್ಥಾನದ ಸರಕಾರದವರು ಮಾಡಿದರು. ಹದಿನೈದು ವರುಷ ತುಂಬದ ಹುಡುಗನು ಕಳವು ಮುಂತಾದ ಅಪರಾಧದಲ್ಲಿ ಸಿಕ್ಕಿಬಿದ್ದರೆ ಅವನನ್ನು ದೊಡ್ಡ ಕಳ್ಳರ ಸಂಗಡ ಸೆರೆಮನೆಯಲ್ಲಿ ಕೂಡಿಹಾಕದೆ, ಮೂರರಿಂದ ಏಳು ವರುಷಗಳ ವರೆಗೆ ಸುಧಾರಣಾ ಶಾಲೆಯಲ್ಲಿ ಇಡಬಹುದೆಂದು ಆ ವರುಷದ ಎಂಟನೆಯ ಕಾಯಿದೆಯಲ್ಲಿ ವಿಧಿಸಿದರು. ಮದ್ರಾಸ್ ಆಧಿಪತ್ಯದಲ್ಲಿ ಅಂಥ ಶಾಲೆಯೊಂದು ಚೆಂಗಲ್ಪಟ್ಟಿನಲ್ಲಿ 1887ರಿಂದಲೇ ಇತ್ತು. ಅಲ್ಲಿಗೆ ಹೋದ ಹುಡುಗನಿಗೆ ಅನ್ನ, ಬಟ್ಟೆ, ಓದುಬರಹ, ಒಂದು ಕೈಕಸಬು ಇವೆಲ್ಲಾ ದೊರೆಯುತ್ತಿದ್ದವು. ಇನ್ನೊಂದು ಕಾರ್ಯವನ್ನು ಮಾಡಿದವರು ಮಂಗಳೂರಿನ ಕೋರ್ಟಿನಲ್ಲಿ ವಕೀಲಿ ನಡಿಸುತ್ತಿದ್ದ ಒಬ್ಬ ಗೃಹಸ್ಥರು. ಯಾವ ಅಪರಾಧವನ್ನೂ ಮಾಡದಿದ್ದರೂ ಹುಟ್ಟಿದ ಜಾತಿಯ ದೆಸೆಯಿಂದ ಶಾಲೆಯ ಹೊಸ್ತಿಲನ್ನು ತುಳಿಯಕೂಡದೆಂದು ಊರವರು ದೂರ ಇಟ್ಟಿದ್ದ ಮಕ್ಕಳಿಗೋಸ್ಕರ ಅವರು ಒಂದು ಸಂಸ್ಥೆಯನ್ನು ಹುಟ್ಟಿಸಿದರು. ಆ ಕಾಲದ ವಿಪರೀತವನ್ನು ವಾಚಕರು ಸ್ವಲ್ಪ ಯೋಚಿಸಬೇಕು. ಕದ್ದ ಹುಡುಗನಿಗೆ ಸರಕಾರದ ಕಾಯಿದೆಯೇ ಶಾಲೆಯನ್ನು ತೋರಿಸುತ್ತಿತ್ತು. ಕದಿಯದೆ ಗದ್ದೆಯಲ್ಲಿ ದುಡಿಯುತ್ತಿದ್ದ ದಲಿತ ಹುಡುಗನಿಗೆ, ಮಿಶನ್ ಶಾಲೆಗಳಿದ್ದ ಸ್ಥಳಗಳ ಹೊರತು, ಎಲ್ಲಿಯೂ ಬಾಗಿಲು ತೆರೆದಿರಲಿಲ್ಲ.

ಆ ವಕೀಲರ ಹೆಸರು ಕುದ್ಮುಲ್ ರಂಗರಾಯರು. ಕರಾವಳಿಯಲ್ಲಿ ಈ ಹೆಸರನ್ನು ತಿಳಿಯದವರಿಲ್ಲ. ಘಟ್ಟದ ಮೇಲಿನ ನಮ್ಮ ನೀಲಗುಂದ, ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳ ಕಡೆ ಇದನ್ನು ಕೇಳಿದವರು ಕಡಿಮೆ. ಆದರೆ ಆ ಕಾಲದಲ್ಲಿ ನಮ್ಮ ಸೀಮೆಯೂ ಅವರ ಸೀಮೆಯೂ ಒಂದೇ ಸರಕಾರದ ಕೈಕೆಳಗಿದ್ದವು. ಬಳ್ಳಾರಿ ಜಿಲ್ಲೆಯ ಈ ತಾಲೂಕುಗಳು 1953ರ ವರೆಗೆ, ದಕ್ಷಿಣ ಕನ್ನಡ ಜಿಲ್ಲೆಯು 1956ರ ವರೆಗೆ ಮದ್ರಾಸಿಗೆ ಸೇರಿದ್ದವು. ಅಲ್ಲಿ ನಡೆದ ಕಾಯಿದೆಯೇ ಇಲ್ಲಿಯೂ ನಡೆಯಿತು. ಅಲ್ಲಿನ ಗದ್ದೆಯ ಆಳಿನ ಮಗನಿಗೂ ಇಲ್ಲಿನ ಜೀತದವನ ಮಗನಿಗೂ ಕಷ್ಟವು ಒಂದೇ ಬಗೆಯದಾಗಿತ್ತು.

ರಂಗರಾಯರು 1859ನೆಯ ಇಸವಿಯ ಜೂನ್ ತಿಂಗಳ 29ನೆಯ ತಾರೀಕಿನಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಗ್ರಾಮದಲ್ಲಿ ಹುಟ್ಟಿದರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರಿಂದ ಕೇರಳಕ್ಕೆ ಸೇರಿದೆ. ತಂದೆ ದೇವಪ್ಪಯ್ಯ, ತಾಯಿ ಗೌರಿ. ಕುಲದಿಂದ ಸಾರಸ್ವತ ಬ್ರಾಹ್ಮಣರು. ಹುಡುಗನಾಗಿರುವಾಗಲೇ ತಂದೆಯನ್ನು ಕಳೆದುಕೊಂಡು, ಹದಿನಾರರ ಪ್ರಾಯದಲ್ಲಿ ಜೀವನದ ದಾರಿಯನ್ನು ಹುಡುಕುತ್ತಾ ಮಂಗಳೂರಿಗೆ ಬಂದರು. ಅಲ್ಲಿ ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮಾಸ್ತರಿಕೆ ದೊರೆಯಿತು. ಅದನ್ನು ಮಾಡುತ್ತಲೇ ಓದಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿಯೂ ಆಮೇಲೆ ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ ಮಂಗಳೂರಿನ ಕೋರ್ಟಿನಲ್ಲಿ ವಕೀಲರಾದರು. ಹಣವಿಲ್ಲದವರ ಮೊಕದ್ದಮೆಗಳನ್ನು ತಳ್ಳಿಬಿಡದೆ ಹಿಡಿದು ನಡಿಸುತ್ತಿದ್ದದರಿಂದ ಬಡವರ ವಕೀಲರೆಂಬ ಹೆಸರು ಅವರಿಗೆ ಬಂತು.

ಕೋರ್ಟು ಕಚೇರಿ ಎಂಬದು ಮನುಷ್ಯನಿಗೆ ಎರಡು ಬಗೆಯ ಪಾಠಗಳನ್ನು ಕಲಿಸುವ ಸ್ಥಳ. ಕಾಯಿದೆಯ ಮುಂದೆ ಎಲ್ಲರೂ ಸಮಾನರೆಂದು ಪುಸ್ತಕದಲ್ಲಿ ಬರೆದದೆ. ಅದೇ ಕಚೇರಿಯ ಜಗಲಿಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರ ನೆರಳು ಯಾರ ಮೇಲೆ ಬೀಳಬಾರದು ಎಂಬ ಬೇರೊಂದು ಕಾಯಿದೆ ನಡೆಯುತ್ತಿರುತ್ತದೆ. ಈ ಎರಡನೆಯದು ರಂಗರಾಯರ ಕಣ್ಣಿಗೆ ಹೇಗೆ ಬಿತ್ತೆಂಬುದಕ್ಕೆ ಮಂಗಳೂರಿನವರು ಒಂದು ಸಂಗತಿಯನ್ನು ಹೇಳುತ್ತಾ ಬಂದಿದ್ದಾರೆ. ಬೆಂದೂರು ಬಾಬು ಎಂಬ ದಲಿತ ಯುವಕನು ನಾಲ್ಕನೆಯ ತರಗತಿಯ ವರೆಗೆ ಓದಿದ್ದನು. ಅವನ ಜನರಲ್ಲಿ ಅಷ್ಟು ಓದಿದವನು ಆಗ ಮತ್ತೊಬ್ಬನಿರಲಿಲ್ಲವಂತೆ. ಅವನಿಗೆ ಕೋರ್ಟಿನಲ್ಲಿ ಜವಾನಿಕೆ ಸಿಕ್ಕಿತು. ಸರಕಾರ ಕೊಟ್ಟ ಕೆಲಸವೇನೋ ಸರಿ. ಆದರೆ ಅವನು ಕಚೇರಿಯ ಒಳಗೆ ಕಾಲಿಡುವದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ಅವನನ್ನು ನಾನಾ ವಿಧವಾಗಿ ಪೀಡಿಸಿ ಆ ಕೆಲಸದಲ್ಲಿ ನಿಲ್ಲಗೊಡಿಸಲಿಲ್ಲವೆಂದು ಹೇಳುವರು. ನ್ಯಾಯವನ್ನು ತೂಗುವ ಮನೆಯಲ್ಲಿಯೇ ಹೀಗಾದರೆ ಹೊಲದ ಬದುವಿನಲ್ಲಿ ಹೇಗಿದ್ದೀತೆಂಬದನ್ನು ತಿಳಿಯಲು ಒಬ್ಬ ವಕೀಲನಿಗೆ ಕಷ್ಟವಾಗಲಾರದು.

ಇದರ ಸಂಗಡ ಇನ್ನೊಂದು ಕಾರಣವೂ ಇತ್ತು. 1870ರಲ್ಲಿ ಬಂಗಾಳದ ಬ್ರಹ್ಮಸಮಾಜವು ಮಂಗಳೂರಿಗೆ ಬಂದಿತ್ತು. ವಿಗ್ರಹಾರಾಧನೆ ಬೇಡ, ಜಾತಿಭೇದ ಬೇಡ, ಒಬ್ಬನೇ ದೇವರನ್ನು ಭಜಿಸಬೇಕೆಂಬದು ಅವರ ಬೋಧನೆ. ಆದರೆ ಬಾಯಲ್ಲಿ ಜಾತಿ ಬೇಡವೆಂದವರೂ ಬಿಲ್ಲವರ ಸಂಗಡ ಒಂದೇ ಸಭೆಯಾಗಿ ಕೂಡಲು ಹಿಂದೆಗೆದದ್ದನ್ನು ಆ ಊರು ಕಂಡಿತು. ಸಾರಸ್ವತರು ತಮ್ಮದೇ ಉಪಾಸನಾ ಸಭೆಯನ್ನು ಬೇರೆ ನಡಿಸಿಕೊಂಡರು. ಆ ಸಭೆಯ ಹಿರಿಯರಾಗಿದ್ದ ಉಳ್ಳಾಲ ರಘುನಾಥಯ್ಯನವರ ಸಹವಾಸ ರಂಗರಾಯರಿಗೆ ದೊರೆಯಿತು. ಆ ಸಭೆಯು ಅಳುಕಿ ನಿಂತ ಗೆರೆಯನ್ನು ಶಿಷ್ಯರಾದ ರಂಗರಾಯರು ದಾಟಿದರೆಂಬದು ನಮ್ಮ ಅಭಿಪ್ರಾಯ. ಬಿಲ್ಲವರ ಸಂಗಡ ಕೂತುಕೊಳ್ಳುವದಕ್ಕೇ ಇಷ್ಟು ಗಲಿಬಿಲಿಯಾದ ಊರಿನಲ್ಲಿ, ಬಿಲ್ಲವರೂ ಮುಟ್ಟದೆ ಇದ್ದವರ ಕೇರಿಗೆ ಅವರು ಹೋದರು.

ಆ ಕೇರಿಯ ಸ್ಥಿತಿಯನ್ನು ನಮ್ಮ ಬಯಲುಸೀಮೆಯವರು ತಿಳಿಯಬೇಕಾದರೆ ಸ್ವಲ್ಪ ವಿವರಿಸಬೇಕಾಗುತ್ತದೆ. ತುಳುನಾಡಿನಲ್ಲಿ ಮೂಲದಾಳುಗಳೆಂಬ ಕುಟುಂಬಗಳಿದ್ದವು. ಭೂಮಿಯ ಒಡೆಯನ ಬಳಿ ತಲೆತಲಾಂತರವಾಗಿ ದುಡಿಯುವದೇ ಇವರ ಪಾಡು. ಗುಡಿಸಲು ಒಡೆಯನದು, ಗುಡಿಸಲು ಇರುವ ಭೂಮಿ ಒಡೆಯನದು. ಕೂಲಿ ಎಂದರೆ ಅಳೆದು ಕೊಡುವ ಭತ್ತ. ದಾಸತ್ವವನ್ನು ಕೋರ್ಟುಗಳು ಮಾನ್ಯ ಮಾಡಬಾರದೆಂದು 1843ರ ಐದನೆಯ ಕಾಯಿದೆಯಲ್ಲಿಯೇ ಹೇಳಿದ್ದರೂ, ಸಾಲವೂ ಹಸಿವೆಯೂ ಆ ಕಾಯಿದೆಯನ್ನು ಓದಿರಲಿಲ್ಲ. ಇಂಥ ಮನೆಯಲ್ಲಿ ಏಳೆಂಟು ವರುಷದ ಮಗುವೆಂದರೆ ಎರಡು ಕೈಗಳು. ದನ ಮೇಯಿಸಿದರೆ ಅದಕ್ಕೆ ಗಂಜಿ ಸಿಗುತ್ತದೆ, ತಂದೆತಾಯಿಗಳಿಗೆ ಒಂದು ಹೊಟ್ಟೆಯ ಚಿಂತೆ ತಪ್ಪುತ್ತದೆ. ಅದನ್ನು ಶಾಲೆಗೆ ಕರೆದರೆ ಒಡೆಯನಿಗೆ ಸಿಟ್ಟು ಬರುವದು ಮಾತ್ರವಲ್ಲ, ಮನೆಯಲ್ಲಿ ಗಂಜಿಯೇ ಕಡಿಮೆಯಾಗುತ್ತದೆ. ಮಳೆಯಿಲ್ಲದ ವರುಷ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುವ ನಮ್ಮ ತಾಲೂಕುಗಳವರಿಗೆ ಈ ಲೆಕ್ಕವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ, ಮಗು ಪರಸ್ಥಳದ ಕೆಲಸದಲ್ಲಿ.

1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿ ಎಂಬಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ಈ ಮಕ್ಕಳಿಗೆ ಮೊದಲನೆಯ ಶಾಲೆಯನ್ನು ತೆರೆದರು. ಕಾಲವನ್ನು ಗಮನಿಸಿರಿ. ಡಾಕ್ಟರ್ ಅಂಬೇಡ್ಕರರು ಆಗ ಒಂದು ವರುಷದ ಕೂಸು. ಗಾಂಧಿಯವರು ವಿಲಾಯಿತಿಯಿಂದ ಬಂದು ವಕೀಲಿ ಹತ್ತದೆ ಒದ್ದಾಡುತ್ತಿದ್ದ ಯುವಕರು. ಆಫ್ರಿಕಕ್ಕೆ ಇನ್ನೂ ಹೊರಟಿರಲಿಲ್ಲ. ಮದ್ರಾಸ್ ಸರಕಾರದವರು ಪಂಚಮರೆಂದು ತಾವು ಕರೆಯುತ್ತಿದ್ದ ಈ ಜನರ ವಿದ್ಯೆಗೆ ವಿಶೇಷ ಸಹಾಯ ಕೊಡುತ್ತೇವೆಂದು ಹುಕುಮು ಹೊರಡಿಸಿದ್ದು 1893ರಲ್ಲಿ, ಅಂದರೆ ಈ ಶಾಲೆಯ ಮರುವರುಷ.

ಶಾಲೆ ತೆರೆದದ್ದು ಸುಲಭ, ನಿಲ್ಲಿಸಿಕೊಂಡದ್ದು ಕಷ್ಟ. ನೆರೆಹೊರೆಯವರ ವಿರೋಧದಿಂದ ಆ ಮನೆಯನ್ನು ಬಿಡಬೇಕಾಯಿತು. ಮಕ್ಕಳು ಹಲಗೆ ಬಳಪಗಳನ್ನು ಎತ್ತಿಕೊಂಡು ಬೇರೆ ಸ್ಥಳಕ್ಕೆ ಹೋದರು. ಬಾಡಿಗೆ ಮನೆಯಲ್ಲಿರುವ ತನಕ ಈ ಶಾಲೆ ಮನೆಯೊಡೆಯರ ಮನಸ್ಸಿನ ಮೇಲೆ ತೂಗಾಡುವದೇ ಸರಿ ಎಂಬದು ಕಂಡುಬಂತು. ಕಲಿಸುವವರು ಬೇಕೆಂದರೆ ಮೇಲ್ಜಾತಿಯ ಮಾಸ್ತರರು ಈ ಮಕ್ಕಳ ಹಲಗೆಯನ್ನು ಮುಟ್ಟಲು ಒಪ್ಪಲಿಲ್ಲ. ಆಗ ಬಂದವರು ಕ್ರೈಸ್ತ ಉಪಾಧ್ಯಾಯರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮ ಬಳ್ಳಾರಿಗೆ ಲಂಡನ್ ಮಿಶನಿನ ಹ್ಯಾಂಡ್ಸ್ ದೊರೆಗಳು 1810ರಲ್ಲಿ ಬಂದಂತೆ, ಮಂಗಳೂರಿಗೆ ಬಾಸೆಲ್ ಮಿಶನಿನ ಮೂವರು 1834ರಲ್ಲಿ ಬಂದಿದ್ದರು. ಶಾಲೆಗಳೂ, 1841ರಲ್ಲಿ ಛಾಪಖಾನೆಯೂ, ಮಗ್ಗಗಳೂ, 1865ರಲ್ಲಿ ಹಂಚಿನ ಕಾರ್ಖಾನೆಯೂ ಒಂದರ ಹಿಂದೆ ಒಂದು ಹುಟ್ಟಿದವು. ಜಾತಿಯಿಂದ ಹೊರಗಾದ ಸಭೆಯವರಿಗೆ ಒಡೆಯನೂ ಇಲ್ಲ, ಗದ್ದೆಯೂ ಇಲ್ಲ. ಆದಕಾರಣ ಓದುಬರಹದ ಜೊತೆಗೆ ಕೈಗೆಲಸ ಬೇಕೇ ಬೇಕೆಂದು ಅವರು ಕಂಡುಕೊಂಡರು. ಹೀಗೆ ರಂಗರಾಯರು ಶಾಲೆಯನ್ನು ತೆರೆಯುವಷ್ಟರಲ್ಲಿ ಆ ಊರಿನಲ್ಲಿ ಎರಡು ಮೂರು ತಲೆಗಳಿಂದ ಓದಿದ ಕ್ರೈಸ್ತ ಕುಟುಂಬಗಳಿದ್ದವು, ಪಾಠ ಹೇಳಿ ಅಭ್ಯಾಸವಿದ್ದ ಮಾಸ್ತರರಿದ್ದರು. ಈ ಮಕ್ಕಳನ್ನು ಮುಟ್ಟಿದರೆ ಕಳೆದುಕೊಳ್ಳುವದಕ್ಕೆ ಜಾತಿ ಎಂಬದು ಅವರಿಗೆ ಉಳಿದಿರಲಿಲ್ಲ. ರಂಗರಾಯರು ಕ್ರೈಸ್ತರಾಗಿರಲಿಲ್ಲ, ಆಗಲೂ ಇಲ್ಲ. ಇದನ್ನು ಮುಚ್ಚಿಡುವದು ಚರಿತ್ರೆಗೆ ತಕ್ಕದ್ದಲ್ಲ. ಅವರ ಶಾಲೆಯಲ್ಲಿ ಅಕ್ಷರ ತಿದ್ದಿಸಿದ ಕೈಗಳಲ್ಲಿ ಅನೇಕವು ನಮ್ಮವರ ಕೈಗಳಾಗಿದ್ದವೆಂಬದನ್ನು ಮರೆಯುವದೂ ತಕ್ಕದ್ದಲ್ಲ. ಆ ಮಾಸ್ತರರ ಹೆಸರುಗಳನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ.

1897ರಲ್ಲಿ ಚದರಿದ್ದ ಕೆಲಸವನ್ನು ಒಂದುಗೂಡಿಸಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ತುಳಿಯಲ್ಪಟ್ಟ ವರ್ಗಗಳ ಸೇವೆ ಎಂದು ಅರ್ಥ. ಆ ಹೆಸರು ಇಂದಿನವರ ಕಿವಿಗೆ ಹಿತವಲ್ಲ. ಆ ವರ್ಗದವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ಅದಾಗಿರಲಿಲ್ಲ. ಸಂಸ್ಥೆಯ ಮುಖ್ಯಸ್ಥಾನವು ಮಂಗಳೂರಿನ ಕೋರ್ಟ್ ಗುಡ್ಡದಲ್ಲಿ ನಿಂತಿತು. ಬೆಂದೂರು ಬಾಬುವಿನ ಸಂಗತಿಯನ್ನು ನೆನೆಸುವವರಿಗೆ ಈ ಸ್ಥಳದ ಹೆಸರೇ ಒಂದು ಉತ್ತರದಂತೆ ತೋರುವದು. ಅಲ್ಲಿ ಶಾಲೆಯೂ, ದೂರದ ಹಳ್ಳಿಗಳ ಮಕ್ಕಳು ಉಂಡು ಮಲಗುವದಕ್ಕೆ ವಸತಿಯೂ, ಬಡಗಿಯ ಕೆಲಸ, ನೇಯ್ಗೆ ಮುಂತಾದವುಗಳನ್ನು ಕಲಿಸುವ ಕೈಗಾರಿಕೆಯ ಶಾಲೆಯೂ ಆದವು. ಅತ್ತಾವರ, ಬೋಳೂರು, ದಡ್ಡಲಕಾಡು, ಉಳ್ಳಾಲ, ಮೂಲ್ಕಿ, ಉಡುಪಿ ಈ ಕಡೆಗಳಲ್ಲಿಯೂ ಶಾಲೆಗಳು ಹುಟ್ಟಿದವು.

ಮಕ್ಕಳನ್ನು ಕೂಡಿಸುವದಕ್ಕೆ ಅವರು ಹಿಡಿದ ಉಪಾಯವು ಮೇಲೆ ಹೇಳಿದ ಗಂಜಿಯ ಲೆಕ್ಕವನ್ನು ಬಲ್ಲವನೇ ಹಿಡಿಯತಕ್ಕದ್ದು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟ. ಅದಲ್ಲದೆ ಬಂದ ದಿನಕ್ಕೆ ಇಷ್ಟೆಂದು ಕೈಗೆ ಚಿಲ್ಲರೆ ಕಾಸು. ಮಗುವು ದನ ಕಾಯಲು ಹೋಗದೆ ಇದ್ದದರಿಂದ ಮನೆಗೆ ಆದ ನಷ್ಟವನ್ನು ಈ ಕಾಸು ಸ್ವಲ್ಪವಾದರೂ ತುಂಬುತ್ತಿತ್ತು. ಈಗ ಸರಕಾರಿ ಶಾಲೆಗಳಲ್ಲೆಲ್ಲಾ ಬಿಸಿಯೂಟವಿದೆ, ಯಾರೂ ಅದನ್ನು ಆಕ್ಷೇಪಿಸುವದಿಲ್ಲ. ಆದರೆ ಆಗ ನಗುವವರು ನಕ್ಕರು. ಕಾಸು ಕೊಟ್ಟು ವಿದ್ಯಾರ್ಥಿಗಳನ್ನು ಕೊಳ್ಳುತ್ತಾರೆಂದರು. ಅಕ್ಕಿಯ ಆಶೆಗೆ ಮತ ಬಿಟ್ಟವರೆಂಬ ಮಾತನ್ನು ನಮ್ಮ ಅಜ್ಜ ಮುತ್ತಜ್ಜಂದಿರೂ ಕೇಳಿದವರೇ. ಹೊಟ್ಟೆ ತುಂಬಿದವನಿಗೆ ಹಸಿದವನ ಆಶೆಯು ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ. ಹಸಿದ ಮಗುವು ಅಕ್ಷರವನ್ನು ಹಿಡಿಯಲಾರದೆಂಬ ಸಾಧಾರಣ ಸಂಗತಿಯನ್ನು ರಂಗರಾಯರು ತಿಳಿದಿದ್ದರು, ನಗುವವರು ತಿಳಿದಿರಲಿಲ್ಲ.

ಬಡಗಿಯ ಕೆಲಸವನ್ನೂ ನೇಯ್ಗೆಯನ್ನೂ ಆರಿಸಿಕೊಂಡದ್ದರಲ್ಲಿಯೂ ಒಂದು ವಿವೇಕವಿದೆ. ಮಾಡಿದ ಕುರ್ಚಿಯೂ ನೇಯ್ದ ಬಟ್ಟೆಯೂ ಪೇಟೆಗೆ ಹೋದ ಮೇಲೆ ಮಾಡಿದವನ ಜಾತಿಯನ್ನು ಕೂಗಿ ಹೇಳುವದಿಲ್ಲ. ಒಡೆಯನ ಅಂಗಳದಲ್ಲಿ ನಿಂತು ಭತ್ತ ಅಳಿಸಿಕೊಳ್ಳುವವನಿಗೆ ಕೈಯಲ್ಲಿ ನಗದು ಕಾಣುವ ದಾರಿ ಇದೊಂದೇ ಇತ್ತು. ಬಾಸೆಲ್ ಮಿಶನಿನ ಕಾರ್ಖಾನೆಗಳ ಮಾದರಿಯು ಅದೇ ಊರಿನಲ್ಲಿ ಎಲ್ಲರ ಕಣ್ಣ ಮುಂದೆ ಇದ್ದದ್ದೇ. ಇಷ್ಟಕ್ಕೆ ಬಿಡದೆ ಸರಕಾರದಿಂದಲೂ ಇತರರಿಂದಲೂ ಭೂಮಿಯನ್ನು ಪಡೆದು ಕುಟುಂಬಗಳಿಗೆ ಮನೆಕಟ್ಟುವ ನಿವೇಶನಗಳನ್ನು ಹಂಚಿಸಿದರು. ಗುಡಿಸಲು ಒಡೆಯನದಾಗಿರುವ ತನಕ ಮಗನನ್ನು ಶಾಲೆಗೆ ಕಳುಹಿಸಿದ ತಪ್ಪಿಗೆ ತಂದೆಯನ್ನು ಒಂದೇ ದಿನದಲ್ಲಿ ಹೊರಗೆ ಹಾಕಬಹುದು. ಕಾಲೂರುವದಕ್ಕೆ ಸ್ವಂತ ನೆಲವಿದ್ದವನು ಇಲ್ಲವೆನ್ನಲು ಕಲಿಯುತ್ತಾನೆ. ತಮ್ಮಲ್ಲಿ ಓದಿದವರಿಗೆ ಸ್ಥಳೀಯ ಬೋರ್ಡುಗಳಲ್ಲಿ ಸದಸ್ಯರ ಪೀಠ ಸಿಗಬೇಕೆಂದೂ ಪ್ರಯತ್ನಪಟ್ಟು ಅದನ್ನು ಸಾಧಿಸಿಕೊಂಡರು.

ಇದಕ್ಕೆ ಅವರು ಕೊಟ್ಟ ಬೆಲೆ ಏನೆಂದು ಕೇಳುವದು ನ್ಯಾಯ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ನಮ್ಮ ವಾಚಕರಲ್ಲಿ ಬಹಿಷ್ಕಾರವೆಂದರೇನೆಂದು ಹಿರಿಯರ ಬಾಯಿಂದ ಕೇಳಿ ಅರಿತವರಿದ್ದಾರೆ. ಮದುವೆಗೆ ಕರೆಯಿಲ್ಲ, ಸಾವಿಗೆ ಹೆಗಲಿಲ್ಲ, ನೆಂಟರ ಮನೆಯ ಬಾಗಿಲು ಮುಚ್ಚಿದೆ. ಗಂಡಸು ಕಚೇರಿಗೆ ಹೋಗಿ ದಿನ ಕಳೆಯಬಹುದು. ಇದರ ಭಾರವೆಲ್ಲಾ ಮನೆಯೊಳಗಿರುವ ಹೆಂಗಸರ ಮೇಲೆಯೂ ಮಕ್ಕಳ ಮೇಲೆಯೂ ಬೀಳುವದು. ಅವರ ಪತ್ನಿ ರುಕ್ಮಿಣಿಬಾಯಿಯವರ ವಿಷಯವಾಗಿ ಬರೆದವರು ಕಡಿಮೆ; ಆ ತಾಯಿಯು ಇದನ್ನು ಸಹಿಸಿಕೊಂಡು ಮನೆಯನ್ನು ನಡಿಸದಿದ್ದರೆ ಕೋರ್ಟ್ ಗುಡ್ಡದ ಕೆಲಸ ಎಷ್ಟು ದಿವಸ ನಡೆಯುತ್ತಿತ್ತೋ ಎಂದು ನಾವು ಯೋಚಿಸುವದುಂಟು. ವಕೀಲಿಯ ಸಂಪಾದನೆಯು ಶಾಲೆಗಳಿಗೆ ಹರಿದುಹೋಯಿತು.

ಆ ಮನೆಯ ಮಗಳೇ ರಾಧಾಬಾಯಿ. 1891ರಲ್ಲಿ ಹುಟ್ಟಿದ ಈ ಮಗಳು ಎಳೆಯ ಪ್ರಾಯದಲ್ಲಿಯೇ ಮದುವೆಯಾಗಿ ವಿಧವೆಯಾದಳು. ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ಅಂಥ ಹುಡುಗಿಯ ಗತಿ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಪರರ ಮಕ್ಕಳಿಗೆ ದಾರಿ ತೋರಿಸಿ ತನ್ನ ಮಗಳ ಸರದಿ ಬಂದಾಗ ಸಂಪ್ರದಾಯದ ಹಿಂದೆ ಅಡಗಿಕೊಂಡ ಸುಧಾರಕರು ನಮ್ಮ ದೇಶದಲ್ಲಿ ಹಲವರು. ರಂಗರಾಯರು ಹಾಗೆ ಮಾಡಲಿಲ್ಲ. ಮಗಳನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವರೆಗೆ ಓದಿಸಿದರು. 1912ರಲ್ಲಿ ತಿರುಚೆಂಗೋಡಿನ ಹತ್ತಿರದ ಕುಮಾರಮಂಗಲದ ಜಮೀನುದಾರರಾದ ಡಾಕ್ಟರ್ ಪಿ. ಸುಬ್ಬರಾಯನ್ ಎಂಬವರ ಸಂಗಡ ಅವಳಿಗೆ ಮದುವೆಯಾಯಿತು. ವರನು ತಮಿಳು ಗೌಂಡರ್ ಕುಲದವನು, ವಧುವು ಕೊಂಕಣಿ ಸಾರಸ್ವತಳು, ಅದರಲ್ಲಿಯೂ ವಿಧವೆ. ಒಂದೇ ಮದುವೆಯಲ್ಲಿ ಎರಡು ಕಟ್ಟುಗಳು ಮುರಿದವು.

ಆ ದಂಪತಿಗಳ ಮುಂದಿನ ಸಂಗತಿ ನಮ್ಮ ಬಳ್ಳಾರಿ ಸೀಮೆಯನ್ನೂ ಮುಟ್ಟುತ್ತದೆ. ಸುಬ್ಬರಾಯನ್ ಅವರು 1926ರಿಂದ 1930ರ ವರೆಗೆ ಮದ್ರಾಸ್ ಆಧಿಪತ್ಯದ ಮುಖ್ಯ ಮಂತ್ರಿಗಳಾಗಿದ್ದರು. ಅದೇ ಕಾಲದಲ್ಲಿ, 1927ರಲ್ಲಿ, ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹೆಣ್ಣುಮಕ್ಕಳನ್ನು ದೇವಸ್ಥಾನಗಳಿಗೆ ಬಿಡುವ ಪದ್ಧತಿ ನಿಲ್ಲಬೇಕೆಂದು ಆ ಸಭೆಯ ಮುಂದೆ ಠರಾವು ತಂದರು. ಅದರಿಂದ ಹುಟ್ಟಿದ 1929ರ ಕಾಯಿದೆಯೂ, ಪದ್ಧತಿಯನ್ನೇ ನಿಷೇಧಿಸಿದ 1947ರ ಕಾಯಿದೆಯೂ ಮದ್ರಾಸಿಗೆ ಸೇರಿದ್ದ ಕೂಡ್ಲಿಗಿಗೂ ಹರಪನಹಳ್ಳಿಗೂ ನಡೆದವು. ಅಷ್ಟಾಗಿಯೂ ನಿಲ್ಲದ ಕಾರಣ ಕರ್ನಾಟಕ ಸರಕಾರವು 1982ರಲ್ಲಿ ಮತ್ತೊಂದು ಕಾಯಿದೆ ಮಾಡಬೇಕಾಯಿತು. ಮುತ್ತು ಕಟ್ಟಿದ ಹೆಣ್ಣುಮಕ್ಕಳ ಕಣ್ಣೀರನ್ನು ನಮ್ಮ ಊರುಗಳು ಕಂಡಿವೆ, ಹೆಚ್ಚು ಬರೆಯುವದು ಬೇಡ. ರಾಧಾಬಾಯಿಯವರು ತಾವೂ ಸುಮ್ಮನಿರಲಿಲ್ಲ. 1930ರಲ್ಲಿ ಲಂಡನಿನಲ್ಲಿ ಕೂಡಿದ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಹೆಂಗಸರಲ್ಲಿ ಒಬ್ಬರಾದರು. 1938ರಲ್ಲಿ ದೆಹಲಿಯ ರಾಜ್ಯಪರಿಷತ್ತಿಗೆ ಚುನಾಯಿತರಾದ ಮೊದಲನೆಯ ಹೆಂಗಸು ಇವರೇ. ಇವರ ಮಕ್ಕಳಲ್ಲಿ ಒಬ್ಬರಾದ ಜನರಲ್ ಕುಮಾರಮಂಗಲಂ 1966ರಿಂದ 1969ರ ವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೋಹನ್ ಎಂಬವರು ಕೇಂದ್ರದ ಮಂತ್ರಿಗಳಾದರು. ಮಗಳು ಪಾರ್ವತಿ ಕೃಷ್ಣನ್ ಲೋಕಸಭೆಯಲ್ಲಿ ಕೂತರು. ಕುದ್ಮುಲಿನ ತಂದೆಯಿಲ್ಲದ ಹುಡುಗನ ಮೊಮ್ಮಕ್ಕಳು ಇವರು.

ರಂಗರಾಯರ ಕೆಲಸವು ಒಂಟಿಯಾಗಿ ಬಹುಕಾಲ ಉಳಿಯಲಿಲ್ಲ. 1906ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯಲ್ಲಿ ಇದೇ ಹೆಸರಿನ ದೊಡ್ಡ ಸಂಸ್ಥೆಯೊಂದು ಹುಟ್ಟಿತು. ಅದನ್ನು ಹುಟ್ಟಿಸಿದವರು ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು. ಅದರ ಅಧ್ಯಕ್ಷರು ನಾರಾಯಣ ಗಣೇಶ ಚಂದಾವರಕರರು. ಇವರು ನಮ್ಮ ಹೊನ್ನಾವರದಲ್ಲಿ ಹುಟ್ಟಿ 1901ರಲ್ಲಿ ಮುಂಬಯಿಯ ಹೈಕೋರ್ಟಿನ ನ್ಯಾಯಾಧೀಶರಾದವರು, ರಂಗರಾಯರಂತೆಯೇ ಸಾರಸ್ವತರು. ನ್ಯಾಯಪೀಠದಲ್ಲಿ ಕೂತವರೊಬ್ಬರು ಬಹಿರಂಗವಾಗಿ ಈ ಮಕ್ಕಳ ಪಕ್ಷ ಹಿಡಿದದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಮಂಗಳೂರಿನ ಕೆಲಸಕ್ಕೂ ಮುಂಬಯಿಯ ಕೆಲಸಕ್ಕೂ ಸಂಬಂಧ ಬೆಳೆಯಿತು. ಆದರೆ ಮಂಗಳೂರಿನದು ಒಂಬತ್ತು ವರುಷ ಹಿರಿಯದು.

ಕಾಯಿದೆಯೂ ಕ್ರಮೇಣ ಕಣ್ಣು ತೆರೆಯಿತು. 1920ರಲ್ಲಿ ಮದ್ರಾಸ್ ಸರಕಾರದವರು ಮಕ್ಕಳ ಕಾಯಿದೆಯನ್ನು ಮಾಡಿದರು. ಹಿಂದೂಸ್ಥಾನದ ಪ್ರಾಂತಗಳಲ್ಲ ಇದೇ ಮೊದಲನೆಯದು; ಬಂಗಾಳವು 1922ರಲ್ಲಿ, ಮುಂಬಯಿಯು 1924ರಲ್ಲಿ ಅದನ್ನು ಹಿಂಬಾಲಿಸಿದವು. 1897ರ ಕಾಯಿದೆಯು ಅಪರಾಧ ಮಾಡಿದ ಹುಡುಗನನ್ನು ಮಾತ್ರ ನೋಡಿತ್ತು. ಹೆಣ್ಣುಮಗುವನ್ನು ನೋಡಿಯೇ ಇರಲಿಲ್ಲ. 1920ರದು ತಪ್ಪು ಮಾಡದೆ ಆಸರೆಯಿಲ್ಲದೆ ಅಲೆಯುವ ಮಗುವನ್ನೂ ಕೋರ್ಟಿನ ರಕ್ಷಣೆಗೆ ತರಬಹುದೆಂದು ಹೇಳಿತು. ಮಗುವು ಕೆಡುವದಕ್ಕಿಂತ ಮುಂಚೆಯೇ ಅದನ್ನು ಕೈಹಿಡಿಯಬೇಕೆಂಬ ತತ್ವವು ಸರಕಾರದ ಪುಸ್ತಕಕ್ಕೆ ಬರುವಷ್ಟರಲ್ಲಿ ಉರ್ವ ಚಿಲಿಂಬಿಯ ಶಾಲೆಗೆ ಇಪ್ಪತ್ತೆಂಟು ವರುಷಗಳಾಗಿದ್ದವು. ಈಗ ನಡೆಯುತ್ತಿರುವದು 2015ರ ಬಾಲನ್ಯಾಯ ಕಾಯಿದೆ. ಹದಿನೆಂಟು ವರುಷ ತುಂಬದವರೆಲ್ಲರೂ ಇದರಲ್ಲಿ ಮಕ್ಕಳೇ. ತಪ್ಪು ಮಾಡಿದ ಮಕ್ಕಳಿಗೆ ಬಾಲನ್ಯಾಯ ಮಂಡಳಿ, ಆಸರೆ ಬೇಕಾದ ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ, ಇವೆರಡೂ ಜಿಲ್ಲೆಗೊಂದರಂತೆ ಇರತಕ್ಕದ್ದು. ನಮ್ಮ ತಾಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವದರಿಂದ ಹೊಸಪೇಟೆಯ ಕಡೆಗೆ ನೋಡಬೇಕು. ಮಗುವನ್ನು ಜೀತಕ್ಕಿಟ್ಟದ್ದನ್ನಾಗಲಿ, ಎಳೆಯ ಹುಡುಗಿಗೆ ಮದುವೆ ಗೊತ್ತುಮಾಡಿದ್ದನ್ನಾಗಲಿ ಕಂಡವರು 1098 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಬಹುದು. ಇದಕ್ಕೆ ಹಣ ಬೇಕಾಗಿಲ್ಲ.

ಮತ್ತೆ ರಂಗರಾಯರ ಕಡೆಗೆ ಬರೋಣ. ವಯಸ್ಸಾದಂತೆ ತಮ್ಮ ನಂತರ ಈ ಶಾಲೆಗಳ ಗತಿ ಏನೆಂಬ ಚಿಂತೆ ಅವರಿಗೆ ಹತ್ತಿತು. ಒಬ್ಬ ಮನುಷ್ಯನ ಮೇಲೆ ನಿಂತ ಕೆಲಸವು ಆ ಮನುಷ್ಯನ ಸಂಗಡ ಮಣ್ಣಾಗುವದನ್ನು ಎಲ್ಲರೂ ನೋಡಿದ್ದೇವೆ. ಆದದರಿಂದ ಬದುಕಿರುವಾಗಲೇ ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕರ ಸಮಾಜದವರಿಗೆ ಸಂಸ್ಥೆಯ ಆಡಳಿತವನ್ನು ಒಪ್ಪಿಸಿದರು. ಕೈಯಿಂದ ಬೆಳೆಸಿದ್ದನ್ನು ಕೈಯಿಂದಲೇ ಬಿಟ್ಟುಕೊಡುವದು ಕಟ್ಟುವದಕ್ಕಿಂತಲೂ ಕಠಿಣ. ಅನೇಕ ದೊಡ್ಡವರು ಇಲ್ಲಿಯೇ ಎಡವುತ್ತಾರೆ. 1927ರಲ್ಲಿ ಸನ್ಯಾಸವನ್ನು ತೆಗೆದುಕೊಂಡು ಈಶ್ವರಾನಂದರೆಂಬ ಹೆಸರನ್ನು ಧರಿಸಿದರು. ಬಹುಕಾಲ ಹಾಗೆ ಇರಲಿಲ್ಲ. 1928ನೆಯ ಇಸವಿಯ ಜನವರಿ ತಿಂಗಳ 30ನೆಯ ತಾರೀಕಿನಲ್ಲಿ ಅರವತ್ತೆಂಟನೆಯ ಪ್ರಾಯದಲ್ಲಿ ತೀರಿಹೋದರು.

ಸಾಯುವ ಮೊದಲು ತಮ್ಮ ಶವದ ವಿಷಯವಾಗಿ ಒಂದು ಅಪ್ಪಣೆಯನ್ನು ಕೊಟ್ಟಿದ್ದರು. ತಮ್ಮ ಹೆಣವನ್ನು ಹೊರತಕ್ಕವರು ಜಾತಿಯವರಲ್ಲ, ಊರಿನ ಮಲವನ್ನು ಬಳಿದು ಹೊರುತ್ತಿದ್ದ ತೋಟಿಗಳೆಂದು ಹೇಳಿಟ್ಟಿದ್ದರು. ಬ್ರಾಹ್ಮಣನ ಹೆಣವನ್ನು ಯಾರು ಮುಟ್ಟಬೇಕೆಂಬ ನಿಯಮ ಎಷ್ಟು ಬಿಗಿಯಾದದ್ದೆಂದು ಬಲ್ಲವರಿಗೆ ಈ ಅಪ್ಪಣೆಯ ಅರ್ಥ ತಿಳಿಯುವದು. ಬದುಕಿರುವಾಗ ಅವರ ಮಕ್ಕಳನ್ನು ತಾವು ಮುಟ್ಟಿದ್ದರು. ಸತ್ತ ಮೇಲೆ ಅವರು ತಮ್ಮನ್ನು ಮುಟ್ಟಬೇಕೆಂದರು. ಹಾಗೆಯೇ ನಡೆಯಿತು. ಮಂಗಳೂರಿನ ನಂದಿಗುಡ್ಡದಲ್ಲಿ ಅವರ ಸಮಾಧಿಯಾಯಿತು.

ಆರು ವರುಷಗಳ ತರುವಾಯ, 1934ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ, ಅಸ್ಪೃಶ್ಯತೆಯ ವಿರುದ್ಧ ದೇಶವನ್ನೆಲ್ಲಾ ಸುತ್ತುತ್ತಿದ್ದ ಗಾಂಧಿಯವರು ಮಂಗಳೂರಿಗೆ ಬಂದು ಕೋರ್ಟ್ ಗುಡ್ಡದ ಸಂಸ್ಥೆಯನ್ನು ನೋಡಿದರು. ಈ ಕೆಲಸದಲ್ಲಿ ರಂಗರಾಯರು ತಮಗಿಂತ ಮುಂದೆ ನಡೆದವರು, ತಮಗೆ ಮಾದರಿಯಾದವರು ಎಂಬ ಭಾವವನ್ನು ಅವರು ತೋರಿಸಿದರೆಂದು ಮಂಗಳೂರಿನವರು ಅಭಿಮಾನದಿಂದ ನೆನೆಸುತ್ತಾರೆ. ಊರಿನ ಪುರಭವನಕ್ಕೆ ಈಗ ರಂಗರಾಯರ ಹೆಸರನ್ನೇ ಇಟ್ಟಿದ್ದಾರೆ. ಬಾಡಿಗೆಗೆ ಒಂದು ಮನೆಯನ್ನು ನೆಮ್ಮದಿಯಾಗಿ ನಡಿಸಗೊಡದೆ ಇದ್ದ ಊರು ಅದು.

ಅವರ ಆಸೆಯೊಂದನ್ನು ನಂದಿಗುಡ್ಡದ ಸಮಾಧಿಯ ಕಲ್ಲಿನ ಮೇಲೆ ಬರೆಯಿಸಿದ್ದಾರೆ. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ದೊಡ್ಡ ಸರಕಾರಿ ಕೆಲಸಕ್ಕೆ ಸೇರಿ, ತಮ್ಮ ಊರಿನ ಬೀದಿಯಲ್ಲಿಯೇ ಮೋಟಾರಿನಲ್ಲಿ ಕೂತು ಹಾದುಹೋಗಬೇಕು. ಆ ಮೋಟಾರು ಎಬ್ಬಿಸಿದ ಧೂಳು ಬಂದು ತಮ್ಮ ತಲೆಯ ಮೇಲೆ ಬೀಳಬೇಕು. ಆಗ ತಮ್ಮ ಜನ್ಮ ಸಾರ್ಥಕವಾಯಿತೆಂದು ತಿಳಿಯುವೆವು ಎಂಬದೇ ಆ ಬರಹದ ತಾತ್ಪರ್ಯ. ಅವರು ಅದನ್ನು ಹೇಳಿದ ಕಾಲದಲ್ಲಿ ಆ ಜನರು ಬೀದಿಯಲ್ಲಿ ನಡೆಯುವದಕ್ಕೂ ಹಲವು ಕಡೆಗಳಲ್ಲಿ ಅಪ್ಪಣೆ ಇರಲಿಲ್ಲ.